ಒಂದು ಬರಬೇಕಿತ್ತು, ಎರಡು ಬಂತು

ಕೋಪ ನನಗೆ ಮೂಗಿನ ತುದಿಯಲ್ಲೇ. ನಾನೇ ಹೇಳಿಕೊಂಡರೆ ಜಂಬ ಅನ್ನಿಸಬಹುದು, ಆದರೆ ಕಾಲೇಜಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಫಿಸಿಕ್ಸ್ ಮೇಡಂ ಬರ್ತಿದ್ದಾರೆ ಅಂದರೆ ಸಾಕು, ಮೆಟ್ಟಿಲ ಮೇಲೆ ಕೂತ ಮಕ್ಕಳೆಲ್ಲ ಎದ್ದು ಗೋಡೆಗೆ ಅಂಟಿಕೊಳ್ಳುತ್ತಾರೆ. ಹದಿನೆಂಟು ವರ್ಷದಿಂದ ಡಿಗ್ರಿ ಮಕ್ಕಳಿಗೆ ಕ್ವಾಂಟಂ ಮೆಕ್ಯಾನಿಕ್ಸ್ ಪಾಠ ಮಾಡುತ್ತಿದ್ದೇನೆ. ಕಾಲೇಜು ಕೊಡಗಿನ ಯಾವ ಊರಲ್ಲಿದೆ ಅಂತ ಇಲ್ಲಿ ಹೇಳುವುದಿಲ್ಲ. ತಪ್ಪು ಮಾಡಿದವಳು ನಾನು, ಕಾಲೇಜನ್ನು ಯಾಕೆ ಎಳೆಯಲಿ.

ಪಾಠ ಅಂದರೆ ನಮ್ಮಲ್ಲಿ ನೋಟ್ಸ್. ನಾನು ಹೇಳುತ್ತಾ ಹೋಗಬೇಕು, ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳಬೇಕು. ನಮ್ಮದು ಸ್ವಾಯತ್ತ ಕಾಲೇಜಾದ್ದರಿಂದ ಪ್ರಶ್ನೆಪತ್ರಿಕೆ ತೆಗೆಯುವವಳೂ ನಾನೇ, ಮಾದರಿ ಉತ್ತರ ಬರೆದಿಡುವವಳೂ ನಾನೇ, ಪೇಪರ್ ತಿದ್ದುವವಳೂ ನಾನೇ. ನೋಟ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ಇಳಿಸಿದರೆ ಒಳ್ಳೆ ಮಾರ್ಕ್ಸ್, ಸ್ವಂತ ಬುದ್ಧಿ ಉಪಯೋಗಿಸಿದರೆ ನನಗೆ ಕಿರಿಕಿರಿ. ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯವನು ನನ್ನ ನೋಟ್ಸನ್ನು ಬೈಂಡ್ ಮಾಡಿಟ್ಟು ಮಕ್ಕಳಿಗೆ ಕೊಡುತ್ತಾನೆ ಅಂತ ಗೊತ್ತಾದಾಗ ಬೈದೆ. ಒಳಗೊಳಗೇ ಖುಷಿಯೂ ಆಗಿತ್ತು.

ಕೋವಿಡ್ ಬಂದ ಮೇಲೆ ಪರೀಕ್ಷೆಯ ಕ್ಯಾಲೆಂಡರ್ ಹದಗೆಟ್ಟು, ಕೊನೆಯ ಸೆಮಿಸ್ಟರಿನ ರಿಸಲ್ಟು ಡಿಸೆಂಬರಿಗೆ ಬರುವ ಹಾಗಾಗಿತ್ತು. ಅಂಥ ಒಂದು ಡಿಸೆಂಬರಿನ ಶುಕ್ರವಾರ ಮಧ್ಯಾಹ್ನ ನಾನು ಬುತ್ತಿ ಬಿಚ್ಚುವಾಗ ಆ ಹುಡುಗಿ ಬಾಗಿಲಲ್ಲಿ ನಿಂತಳು. ನೆಲ್ಯಹುದಿಕೇರಿಯಿಂದ ಬರುವವಳು. ಕಾಫಿ ಪಿಕ್ಕಿಂಗ್ ಶುರುವಾದರೆ ಕ್ಲಾಸಿಗೆ ಚಕ್ಕರ್ ಹೊಡೆಯುವವಳು ಅಂತ ನನ್ನ ಲೆಕ್ಕದಲ್ಲಿ ಅವಳ ಹೆಸರು ಕೆಟ್ಟಿತ್ತು. ಕೈಯಲ್ಲಿ ಮರುಪರಿಶೀಲನೆಯ ಅರ್ಜಿ, ತನ್ನ ಉತ್ತರ ಪತ್ರಿಕೆಯ ನಕಲು.

ವಿಷಯ ಇಷ್ಟು. ಅವಳಿಗೆ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಆದರೆ ಫಿಸಿಕ್ಸಿನಲ್ಲಿ ಇಷ್ಟು ಮಾರ್ಕ್ಸ್ ಇರಲೇಬೇಕು ಅನ್ನುವ ನಿಯಮಕ್ಕೆ ಎರಡು ಮಾರ್ಕ್ಸ್ ಕಡಿಮೆ ಬಿದ್ದಿತ್ತು. ಮರುದಿನ ಶನಿವಾರ ಸಂಜೆ ನಾಲ್ಕಕ್ಕೆ ಮಾರ್ಕ್ಸಿನ ಪಟ್ಟಿ ಲಾಕ್. ಅಷ್ಟರೊಳಗೆ ಎರಡು ಮಾರ್ಕ್ಸ್ ಹುಟ್ಟದಿದ್ದರೆ ಸೀಟು ಮುಂದಿನವರಿಗೆ. ಐದು ಮಾರ್ಕ್ಸಿನ ಒಂದು ಪ್ರಶ್ನೆಗೆ ನಾನು ಅವಳಿಗೆ ಒಂದು ಕೊಟ್ಟಿದ್ದೆ. ಆ ಪ್ರಶ್ನೆ ನೋಡಿ ಮೇಡಂ ಅಂತ ಕೇಳಿದಳು.

ಪ್ರಶ್ನೆಯನ್ನು ಸರಳವಾಗಿ ಹೇಳುತ್ತೇನೆ, ಹೆದರಬೇಡಿ. ಒಂದೇ ಥರದ ಮೂರು ಕಣಗಳು. ಎಷ್ಟು ಒಂದೇ ಥರ ಅಂದರೆ, ಇದು ಅದು ಅಂತ ಗುರುತು ಹಾಕಲಿಕ್ಕೇ ಬರುವುದಿಲ್ಲ. ಅವುಗಳಲ್ಲಿ ಎರಡು ಒಂದು ಸ್ಥಿತಿಯಲ್ಲಿವೆ, ಒಂದು ಮಾತ್ರ ಬೇರೆ ಸ್ಥಿತಿಯಲ್ಲಿದೆ. ಯಾವುದು ಎಲ್ಲಿ ಅಂತ ಹೇಳಲಾಗದ್ದರಿಂದ ಆಗಬಹುದಾದ ಎಲ್ಲ ಜೋಡಣೆಗಳನ್ನೂ ಕೂಡಿಸಿ ತರಂಗ ಫಲನ ಬರೆಯಬೇಕು. ಆಮೇಲೆ ಅದರ ಹಿಂದೆ ಒಂದು ಭಿನ್ನರಾಶಿ ಹಾಕಿ, ಒಟ್ಟು ಸಂಭವನೀಯತೆ ಸರಿಯಾಗಿ ಒಂದು ಬರುವಂತೆ ಮಾಡಬೇಕು. ಕಣಗಳು ಎಲ್ಲೋ ಒಂದು ಕಡೆ ಇದ್ದೇ ಇರುತ್ತವಲ್ಲ, ಅದಕ್ಕೆ ಒಂದು. ಇದನ್ನೇ ನಾರ್ಮಲೈಸ್ ಮಾಡುವುದು ಅನ್ನುತ್ತೇವೆ. ನನ್ನ ನೋಟ್ಸಿನಲ್ಲಿ ಮೂರು ಕಣ ಅಂದರೆ ಆರು ಜೋಡಣೆ, ಒಂದರ ಕೆಳಗೆ ರೂಟ್ ಆರು. ಅವಳು ಮೂರೇ ಜೋಡಣೆ ಬರೆದು, ಒಂದರ ಕೆಳಗೆ ರೂಟ್ ಮೂರು ಹಾಕಿದ್ದಳು.

ನಕಲಿನ ಮೇಲೆ ನನ್ನದೇ ಕೆಂಪು ಗೀಟು ಕಾಣುತ್ತಿತ್ತು. ನೋಟ್ಸ್ ಓದಿಲ್ಲ ಅಂತ ಪಕ್ಕದಲ್ಲಿ ಬರೆದಿದ್ದೆ.

“ಮೇಡಂ, ರೂಟ್ ಆರು ಹಾಕಿದ್ರೆ ಒಟ್ಟು ಎರಡು ಬರುತ್ತೆ. ಒಂದ್ಸಲ ಮಾಡಿ ನೋಡಿ” ಅಂದಳು.

ಅಷ್ಟೇ ಹೇಳಿದ್ದು. ಜೋರಾಗಿಯೂ ಅಲ್ಲ. ಆದರೆ ಕೋಣೆಯಲ್ಲಿ ಇನ್ನೂ ಇಬ್ಬರು ಲೆಕ್ಚರರು ಊಟ ಮಾಡುತ್ತಿದ್ದರು, ಅವರ ಕೈ ನಿಂತಿತು. ನನಗೆ ಪಿತ್ತ ನೆತ್ತಿಗೇರಿತು. ನೀನು ಅಂಗನವಾಡಿಗೆ ಹೋಗುವಾಗಲೇ ನಾನು ಇದನ್ನು ಪಾಠ ಮಾಡ್ತಿದ್ದೆ ಅಂದೆ. ಕ್ಲಾಸಿಗೆ ಬಾರದವರೆಲ್ಲ ನನಗೆ ಪಾಠ ಹೇಳಲಿಕ್ಕೆ ಬಂದರಾ ಅಂದೆ. ಇನ್ನೂ ಏನೇನೋ ಅಂದೆ, ಈಗ ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಅವಳೆದುರೇ ಅರ್ಜಿಯ ಮೇಲೆ ‘ಪರಿಶೀಲಿಸಿದೆ, ಬದಲಾವಣೆ ಇಲ್ಲ’ ಅಂತ ಬರೆದು ಸಹಿ ಹಾಕಿ, ಪ್ಯೂನ್ ಕೈಲಿ ಪರೀಕ್ಷಾ ವಿಭಾಗಕ್ಕೆ ಕಳಿಸಿದೆ. ಹುಡುಗಿ ಅಳಲಿಲ್ಲ. ಥ್ಯಾಂಕ್ಯೂ ಮೇಡಂ ಅಂದು ಹೋದಳು. ಆ ಥ್ಯಾಂಕ್ಯೂಗೆ ಇನ್ನೂ ಸಿಟ್ಟು ಬಂತು.

ಶನಿವಾರ ನನಗೆ ಕ್ಲಾಸಿರಲಿಲ್ಲ. ಮನೆ ಚೆಟ್ಟಳ್ಳಿಯಲ್ಲಿ. ತಿಂಡಿ ಮುಗಿಸಿ ಒಂದು ಹಾಳೆ ತೆಗೆದುಕೊಂಡು ಕೂತೆ. ಅವಳು ಸರಿಯಿರಬಹುದು ಅಂತ ಕೂತದ್ದಲ್ಲ. ಅವಳ ತಪ್ಪು ಎಲ್ಲಿ ಅಂತ ನೀಟಾಗಿ ಬರೆದು ಫೋಟೋ ತೆಗೆದು, ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿ ಎಲ್ಲರೆದುರು ಮುಖಕ್ಕೆ ಹೊಡೆದ ಹಾಗೆ ಮಾಡಬೇಕು ಅಂತ ಕೂತದ್ದು. ಅಂಥ ಹೆಂಗಸು ನಾನು.

ಆರು ಜೋಡಣೆ ಬರೆದೆ. ರೂಟ್ ಆರು ಹಾಕಿದೆ. ವರ್ಗ ಮಾಡಿ ಇಂಟಿಗ್ರೇಟ್ ಮಾಡಿದೆ. ಎರಡು ಬಂತು.

ಎಲ್ಲೋ ಕೈತಪ್ಪಿರಬೇಕು ಅಂತ ಹಾಳೆ ತಿರುಗಿಸಿ ಇನ್ನೊಮ್ಮೆ ಮಾಡಿದೆ. ಎರಡೇ. ಹೊರಗೆ ಅಂಗಳದಲ್ಲಿ ಒಣಹಾಕಿದ ಕಾಫಿ ಕೆದಕುತ್ತಿದ್ದ ನನ್ನ ಗಂಡ ನೀರು ಕುಡಿಯಲಿಕ್ಕೆ ಒಳಗೆ ಬಂದವರು, ಎಂತ ಮಾರಾಯ್ತಿ, ಈ ಪ್ರಾಯದಲ್ಲಿ ಪರೀಕ್ಷೆಗೆ ಕೂತಿದ್ದೀಯಾ ಅಂತ ಕೇಳಿದರು. ಒಂದು ಬರಬೇಕು, ಎರಡು ಬರ್ತಾ ಉಂಟು ಅಂದೆ. ಜಾಸ್ತಿ ಬಂದರೆ ಒಳ್ಳೇದೇ ಅಲ್ವಾ, ಅದಕ್ಯಾಕೆ ಮುಖ ಹಾಗೆ ಅಂದರು. ಬೇರೆ ದಿನವಾದರೆ ನಗುತ್ತಿದ್ದೆ. ಅವತ್ತು ಹೋಗಿ ನಿಮ್ಮ ಕೆಲಸ ನೋಡಿಕೊಳ್ಳಿ ಅಂತ ಗದರಿದೆ.

ಸಂಭವನೀಯತೆ ಎರಡು ಅನ್ನುವುದು ಇಲ್ಲವೇ ಇಲ್ಲ. ನೂರಕ್ಕೆ ಇನ್ನೂರು ಸಲ ಮಳೆ ಬರುತ್ತದೆ ಅಂದ ಹಾಗೆ. ತಪ್ಪು ಎಲ್ಲಿದೆ ಅಂತ ಹುಡುಕಿದರೆ ಸಣ್ಣ ಮಕ್ಕಳಿಗೂ ಕಾಣುವಂಥದ್ದು. ಮೂರು ಜನರಿಗೆ ಎರಡು ಲೋಟ ಕಾಫಿ, ಒಂದು ಲೋಟ ಟೀ ಕೊಡಬೇಕು ಅನ್ನಿ. ಟೀ ಯಾರಿಗೆ ಅಂತ ಗೊತ್ತಾದರೆ ಮುಗಿಯಿತು. ಮೂರೇ ದಾರಿ. ಕಾಫಿಯ ಲೋಟಗಳನ್ನು ಅದಲು ಬದಲು ಮಾಡಿ ಆರು ಅಂದರೆ ಒಂದನ್ನೇ ಎರಡೆರಡು ಸಲ ಎಣಿಸಿದ ಹಾಗಾಯಿತು. ಹುಡುಗಿ ಬರೆದದ್ದು ಅಕ್ಷರಕ್ಷರವೂ ಸರಿ.

ಅಟ್ಟದ ಮೇಲೆ ನಾನು ಓದುವಾಗಿನ ಹಳೇ ನೋಟ್‌ಬುಕ್ಕು ಇತ್ತು. ಏಣಿ ಹಾಕಿ ತೆಗೆದೆ. ನನ್ನ ಮೇಷ್ಟ್ರು ಹೇಳಿ ಬರೆಸಿದ್ದ ಪುಟ ಸಿಕ್ಕಿತು. ‘ಎಲ್ಲ ಸ್ಥಿತಿಗಳೂ ಬೇರೆ ಬೇರೆಯಾಗಿದ್ದರೆ ಮಾತ್ರ’ ಅಂತ ಒಂದು ಸಾಲು, ಅದರ ಕೆಳಗೆ ರೂಟ್ ಆರು. ಕೆಲಸಕ್ಕೆ ಸೇರಿದ ವರ್ಷ, ಹೆರಿಗೆ ರಜೆಯಲ್ಲಿ ತೊಟ್ಟಿಲು ತೂಗುತ್ತಾ ಆ ನೋಟ್ಸನ್ನು ಹೊಸ ಪುಸ್ತಕಕ್ಕೆ ನಕಲು ಮಾಡಿದ್ದೆ. ಆಗ ಆ ಒಂದು ಸಾಲು ಬಿಟ್ಟುಹೋಗಿತ್ತು. ಹದಿನೆಂಟು ವರ್ಷ ನಾನು ಆ ಸಾಲಿಲ್ಲದೆ ಬರೆಸಿದೆ, ಮಕ್ಕಳು ಆ ಸಾಲಿಲ್ಲದೆ ಬಾಯಿಪಾಠ ಮಾಡಿದರು, ನಾನು ಅದಕ್ಕೆ ಐದಕ್ಕೈದು ಕೊಟ್ಟೆ.

ಗಂಟೆ ಹನ್ನೊಂದೂವರೆ. ನಿಜ ಹೇಳಿಬಿಡುತ್ತೇನೆ, ಮೊದಲು ಬಂದದ್ದು ಹುಡುಗಿಯ ಯೋಚನೆಯಲ್ಲ. ಮೊದಲು ಬಂದದ್ದು ಹೆದರಿಕೆ. ಈ ಹಾಳೆ ಒಲೆಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ಗಂಟೆ ತನ್ನಷ್ಟಕ್ಕೇ ಆಗುತ್ತದೆ. ಮುಂದಿನ ವರ್ಷದಿಂದ ನೋಟ್ಸಿಗೆ ಒಂದು ಸಾಲು ಸೇರಿಸಿದರೆ ಮುಗಿಯಿತು. ಇಲ್ಲದಿದ್ದರೆ ಇಷ್ಟು ವರ್ಷ ಮೇಡಂ ತಪ್ಪು ಪಾಠ ಮಾಡಿದರಂತೆ ಅಂತ ಕ್ಯಾಂಟೀನಿನವರೆಗೂ ಸುದ್ದಿ. ಕಾಲು ಗಂಟೆ ಹಾಳೆ ಹಿಡಿದುಕೊಂಡು ಅಡುಗೆಮನೆಯಲ್ಲೇ ನಿಂತಿದ್ದೆ. ಆಮೇಲೆ ನನ್ನ ಮೇಲೇ ಅಸಹ್ಯವಾಗಿ ಫೋನ್ ತೆಗೆದೆ.

ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟ್ ಒಳ್ಳೆ ಮನುಷ್ಯ, ಆದರೆ ನಿಯಮ ಅಂದರೆ ನಿಯಮ. ನೀವೇ ನಿನ್ನೆ ಬದಲಾವಣೆ ಇಲ್ಲ ಅಂತ ಬರೆದಿದ್ದೀರಿ ಮೇಡಂ, ಅದು ಮುಗಿದ ಫೈಲು ಅಂದರು. ಹೊಸ ಅರ್ಜಿ ಬೇಕು, ಅದರ ಮೇಲೆ ಹುಡುಗಿಯ ಸಹಿ ಬೇಕು, ನಿಮ್ಮ ಕೈಬರಹದ ವಿವರಣೆ ಬೇಕು, ನಾಲ್ಕರೊಳಗೆ ಕಾಗದ ನನ್ನ ಮೇಜಿನ ಮೇಲೆ ಇರಬೇಕು, ಫೋಟೋಗೀಟೋ ನಡೆಯೋದಿಲ್ಲ. ಹುಡುಗಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದಲ್ಲಿಲ್ಲ. ಹತ್ತು ಸಲ ಮಾಡಿದೆ, ಹತ್ತು ಸಲವೂ ಅದೇ ಹೆಂಗಸಿನ ದನಿ.

ಖಾಲಿ ಅರ್ಜಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಕಾರು ತೆಗೆದು ನೆಲ್ಯಹುದಿಕೇರಿ ಕಡೆ ಹೊರಟೆ. ಅರ್ಧ ದಾರಿಯಲ್ಲಿ ಅರಣ್ಯ ಇಲಾಖೆಯವರು ಗಾಡಿಗಳನ್ನು ನಿಲ್ಲಿಸಿದ್ದರು. ತೋಟದೊಳಗೆ ಆನೆಗಳಿವೆ, ದಾಟಿಸುತ್ತಿದ್ದೇವೆ ಅಂದರು. ಎಷ್ಟು ಹೊತ್ತು ಅಂತ ಕೇಳಿದೆ. ಅದನ್ನು ಆನೆಯನ್ನೇ ಕೇಳಬೇಕಮ್ಮ ಅಂದ ಒಬ್ಬ. ನಮ್ಮೂರಿನಲ್ಲಿ ಇದು ದಿನನಿತ್ಯದ್ದು, ಮಿಕ್ಕವರು ಇಂಜಿನ್ ಆಫ್ ಮಾಡಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ನಾನು ಮಾತ್ರ ಸ್ಟಿಯರಿಂಗ್ ಹಿಡಿದು ಗಡಿಯಾರ ನೋಡುತ್ತಿದ್ದೆ. ಒಳಗೆಲ್ಲೋ ಪಟಾಕಿ ಸಿಡಿಯಿತು, ಕೂಗಾಟ ಕೇಳಿತು, ಮತ್ತೆ ಸುಮ್ಮನಾಯಿತು. ಮುಕ್ಕಾಲು ಗಂಟೆ ಹೋಯಿತು. ನಿನ್ನೆ ಅವಳು ಮಾಡಿ ನೋಡಿ ಅಂದಾಗ ಐದು ನಿಮಿಷ ಕೊಟ್ಟಿದ್ದರೆ ಸಾಕಿತ್ತು ಅಂತ ಹಣೆ ಹಣೆ ಚಚ್ಚಿಕೊಂಡೆ.

ಅವಳ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಅಕ್ಕ ತಂಗಿ ಇಬ್ಬರೂ ಕಾಫಿ ಕೊಯ್ಯುವ ಪಣಿಗೆ ಹೋಗಿದಾರೆ, ಜೀಪು ಬೆಳಗ್ಗೆ ಏಳಕ್ಕೇ ಬಂದಿತ್ತು ಅಂದಳು. ಯಾವ ಎಸ್ಟೇಟ್ ಅಂತ ಕೇಳಿದರೆ ಚೆಟ್ಟಳ್ಳಿ ಹತ್ತಿರದ್ದು ಹೇಳಿದಳು. ನನ್ನ ಮನೆಯಿಂದ ಎರಡು ಕಿಲೋಮೀಟರ್. ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು. ಗಂಟೆ ಒಂದೂ ಮುಕ್ಕಾಲು.

ವಾಪಸ್ ಬರುವಾಗ ಆನೆ ದಾಟಿಯಾಗಿತ್ತು, ಪುಣ್ಯ. ಎಸ್ಟೇಟಿನ ಗೇಟಿನಲ್ಲಿ ರೈಟರ್ ಸಿಕ್ಕಿದ. ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುವವನು. ಕೆಳಗಿನ ತೋಟದಲ್ಲಿ ಅರೇಬಿಕಾ ಹಣ್ಣು ಕೊಯ್ಯುತ್ತಿದ್ದಾರೆ, ಕಾರು ಹೋಗೋದಿಲ್ಲ, ನಡೆದೇ ಹೋಗಬೇಕು ಅಂದ. ಸೀರೆ ಎತ್ತಿಕಟ್ಟಿ ಅವನ ಹಿಂದೆ ಇಳಿದೆ. ಗಿಡಗಳ ನಡುವೆ ಇಪ್ಪತ್ತು ಮೂವತ್ತು ಹೆಂಗಸರು. ಎಲ್ಲರದೂ ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಅಂಗಿ, ತಲೆಗೆ ಬಿಗಿದ ಟವೆಲ್ಲು, ಸೊಂಟಕ್ಕೆ ಚೀಲ. ನನ್ನ ವಿದ್ಯಾರ್ಥಿನಿ ಯಾರು ಅಂತ ನನಗೆ ಗೊತ್ತಾಗಲಿಲ್ಲ. ಅವಳೇ ನೋಡಿ ಮೇಡಂ ಅಂದಳು.

ನಿನ್ನ ಉತ್ತರ ಸರಿ ಇದೆ, ನನ್ನದು ತಪ್ಪು, ಬೇಗ ಸಹಿ ಹಾಕು, ನನ್ನ ಜೊತೆ ಕಾಲೇಜಿಗೆ ಬಾ ಅಂತ ಒಂದೇ ಉಸಿರಿಗೆ ಹೇಳಿದೆ. ಕ್ಷಮಿಸು ಅಂತ ಮಾತ್ರ ಹೇಳಲಿಲ್ಲ. ಅವಳು ಸಹಿ ಹಾಕುವ ಬದಲು ಪಕ್ಕದ ಗಿಡದ ಹೆಂಗಸಿನ ಮುಖ ನೋಡಿದಳು. ಅಕ್ಕ ಇರಬೇಕು ಅಂದುಕೊಂಡೆ. ಆಕೆ ಬಂದು, ತಂಗಿಯ ಸೊಂಟದ ಚೀಲ ಬಿಚ್ಚಿ ತನ್ನ ಚೀಲಕ್ಕೆ ಸುರಿದುಕೊಂಡಳು. ಹೋಗು ಅಂತ ಕಣ್ಣಲ್ಲೇ ಹೇಳಿದಳು. ಹುಡುಗಿ ಕೈ ಒರೆಸಿಕೊಂಡು ನನ್ನ ಬ್ಯಾಗಿನ ಮೇಲೆ ಕಾಗದವಿಟ್ಟು ಸಹಿ ಹಾಕುವಷ್ಟರಲ್ಲಿ, ಸುಮ್ಮನೆ ನಿಲ್ಲಲಾರದೆ ನಾನು ಅಕ್ಕನನ್ನು ಮಾತಾಡಿಸಿದೆ. ನೀವು ಎಷ್ಟು ಓದಿದ್ದೀರಿ ಅಂತ ಕೇಳಿದೆ. ಡಿಗ್ರಿಗೆ ಹೋಗಿದ್ದೆ, ಮುಗಿಸಲಿಲ್ಲ ಅಂದಳು. ಛೆ, ಮುಗಿಸಬೇಕಿತ್ತು, ಅಷ್ಟು ದೂರ ಹೋಗಿ ಬಿಡಬಾರದು ಅಂತ ಬುದ್ಧಿ ಹೇಳಿದೆ. ಹೌದು ಅಂತ ತಲೆಯಾಡಿಸಿದಳು.

ಎರಡೂ ಮುಕ್ಕಾಲಿಗೆ ಕಾರು ಹತ್ತಿದೆವು. ಒಂದು ಲಾರಿ ಹಿಂದೆ ಸಿಕ್ಕಿಹಾಕಿಕೊಂಡು ನಾನು ಹಾರ್ನ್ ಒತ್ತಿದ್ದೇ ಒತ್ತಿದ್ದು. ಪಕ್ಕದಲ್ಲಿ ಹುಡುಗಿ ಮಡಿಲಲ್ಲಿ ಕೈ ಕಟ್ಟಿ ಕೂತಿದ್ದಳು. ರೂಟ್ ಆರು ಬರೆದರೆ ಮಾರ್ಕ್ಸ್ ಸಿಗುತ್ತೆ ಅಂತ ನಿನಗೆ ಗೊತ್ತಿರಲಿಲ್ಲವಾ, ನೋಟ್ಸ್ ನೋಡಿರಲಿಲ್ಲವಾ ಅಂತ ಕೇಳಿದೆ. ಗೊತ್ತಿತ್ತು ಮೇಡಂ ಅಂದಳು. ಮತ್ತೆ ಯಾಕೆ ಬರೆಯಲಿಲ್ಲ ಅಂದೆ.

“ಎರಡು ಬರುತ್ತೆ ಅಂತ ಗೊತ್ತಿದ್ದೂ ಒಂದು ಅಂತ ಹೇಗೆ ಬರೀಲಿ ಮೇಡಂ” ಅಂದಳು.

ಲಾರಿ ದಾರಿ ಬಿಟ್ಟಿತು.

ಪರೀಕ್ಷಾ ವಿಭಾಗದ ಬಾಗಿಲಿಗೆ ಬಂದಾಗ ಮೂರೂ ಮೂವತ್ತೆಂಟು. ಸೂಪರಿಂಟೆಂಡೆಂಟರ ಮೇಜಿನ ಮೂಲೆಯಲ್ಲೇ ವಿವರಣೆ ಬರೆದೆ. ಮಾದರಿ ಉತ್ತರ ನನ್ನದು, ಅದು ತಪ್ಪು, ವಿದ್ಯಾರ್ಥಿನಿಯ ಉತ್ತರ ಸರಿ, ಐದಕ್ಕೆ ಐದು. ರೂಟ್ ಆರು ಬರೆದವರ ಗತಿ ಏನು ಮೇಡಂ ಅಂತ ಅವರು ಕೇಳಿದರು. ಅವರ ಮಾರ್ಕ್ಸ್ ಮುಟ್ಟಬೇಡಿ, ಅವರು ಬರೆದದ್ದು ನನ್ನ ತಪ್ಪನ್ನು ಅಂತ ಅದನ್ನೂ ಬರೆದುಕೊಟ್ಟೆ. ಕಂಪ್ಯೂಟರ್ ಒಂದು ಸಲ ಸ್ಥಗಿತವಾಯಿತು, ಮತ್ತೆ ತೆರೆಯಿತು. ನಾಲ್ಕಕ್ಕೆ ಆರು ನಿಮಿಷ ಇರುವಾಗ ಹೊಸ ಮಾರ್ಕ್ಸ್ ಪರದೆಯ ಮೇಲೆ ಕೂತಿತು. ಹುಡುಗಿ ಪರದೆಯನ್ನೇ ನೋಡುತ್ತಿದ್ದವಳು ಗೋಡೆಯ ಕಡೆ ತಿರುಗಿದಳು. ಆಗ ಅತ್ತಳು. ಸೀಟು ಉಳಿಯಿತು.

ವಾಪಸ್ ಬಿಡಲಿಕ್ಕೆ ಹೋಗುವಾಗ ನನಗೆ ಹಗುರ ಅನ್ನಿಸಿ ಬಾಯಿ ಸಡಿಲವಾಗಿತ್ತು. ಶಹಬ್ಬಾಸ್, ಇಷ್ಟು ವರ್ಷದಲ್ಲಿ ಒಬ್ಬರಿಗೂ ಹೊಳೆಯದ್ದು ನಿನಗೆ ಹೊಳೆಯಿತಲ್ಲ ಅಂದೆ.

ಅವಳು ನಿಜ ಹೇಳಿದಳು. ಹೊಳೆದದ್ದು ತನಗಲ್ಲ, ಅಕ್ಕನಿಗೆ. ಅಕ್ಕನ ಜೆರಾಕ್ಸ್ ನೋಟ್ಸಿನಲ್ಲೇ ತಾನು ಓದಿದ್ದು, ಆ ಪುಟದ ಪಕ್ಕ ಪೆನ್ಸಿಲ್ಲಿನಲ್ಲಿ ಅವಳು ಪೂರ್ತಿ ಲೆಕ್ಕ ಮಾಡಿಟ್ಟಿದ್ದಳು. ಎಂಟು ವರ್ಷದ ಹಿಂದೆ ಅಕ್ಕ ಅದನ್ನು ನನ್ನ ಕ್ಲಾಸಿನಲ್ಲೇ ಎದ್ದು ನಿಂತು ಕೇಳಿದ್ದಳಂತೆ. ನೋಟ್ಸ್ ಬಾಯಿಪಾಠ ಆಗುವವರೆಗೆ ನನ್ನ ಕ್ಲಾಸಿಗೆ ಕಾಲಿಡಬೇಡ ಅಂತ ನಾನು ಹೊರಗೆ ಕಳಿಸಿದ್ದೆನಂತೆ. ತಪ್ಪು ಅಂತ ಗೊತ್ತಿರುವುದನ್ನು ಬಾಯಿಪಾಠ ಹೇಗೆ ಮಾಡುವುದು ಅಂತ ಅವಳು ಬರಲಿಲ್ಲ. ಹಾಜರಿ ಕಡಿಮೆಯಾಯಿತು. ಹಾಜರಿ ಕಡಿಮೆಯಾದವರ ಪಟ್ಟಿಗೆ ನಾನು ಸಹಿ ಹಾಕಿದೆ. ಹಾಲ್ ಟಿಕೆಟ್ ಸಿಗಲಿಲ್ಲ, ಆ ವರ್ಷ ಹೋಯಿತು, ಮುಂದಿನ ವರ್ಷ ಅವಳು ಪಿಕ್ಕಿಂಗಿಗೆ ಹೋದಳು.

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಎಂಟು ವರ್ಷದ ಹಿಂದಿನ ಕ್ಲಾಸು, ಎದ್ದು ನಿಂತ ಹುಡುಗಿ, ಅವಳ ಮುಖ. ಏನೂ ಬರಲಿಲ್ಲ. ಎಷ್ಟು ಜನರನ್ನು ಹಾಗೆ ಹೊರಗೆ ಕಳಿಸಿದ್ದೇನೋ, ನನಗೆ ಎಲ್ಲರೂ ಒಂದೇ ಆಗಿದ್ದರು.

ನಾವು ಮುಟ್ಟಿದಾಗ ಗೇಟಿನ ಹತ್ತಿರ ತೂಕ ನಡೆಯುತ್ತಿತ್ತು. ಅಕ್ಕ ಚೀಲದ ಪಕ್ಕ ನಿಂತಿದ್ದಳು. ತಂಗಿ ಓಡಿ ಹೋಗಿ ಅವಳ ಕೈ ಹಿಡಿದು ಏನೋ ಹೇಳಿದಳು, ಅಕ್ಕನ ಮುಖ ಅರಳಿತು. ನಾನು ಹತ್ತಿರ ಹೋದೆ. ದಾರಿಯುದ್ದಕ್ಕೂ ಮಾತು ಕೂಡಿಸಿಟ್ಟುಕೊಂಡಿದ್ದೆ, ಕ್ಷಮಿಸು ಅಂತ, ಪರೀಕ್ಷೆ ಮತ್ತೆ ಕಟ್ಟಬಹುದು ಅಂತ, ನಾನೇ ಓಡಾಡುತ್ತೇನೆ ಅಂತ. ಬಾಯಿಗೆ ಬಂದದ್ದು ಒಂದೇ.

“ನೀನು ಹೇಳಿದ್ದು ಸರಿ ಇತ್ತಮ್ಮ” ಅಂದೆ.

“ಗೊತ್ತು ಮೇಡಂ” ಅಂದಳು. “ಆವತ್ತೇ ಗೊತ್ತಿತ್ತು.”

ರೈಟರ್ ಮುಂದಿನವರು ಬನ್ನಿ ಅಂತ ಕೂಗಿದ. ಅವಳು ಚೀಲ ಎತ್ತಿ ತಲೆ ಮೇಲಿಟ್ಟುಕೊಂಡು ಹೋದಳು.